ಹಳೆಯ ಸೈನ್ಯ, ಹೊಸ ಕಟ್ಟಳೆ

ಮೈಸೂರಿನ ಮನೆಗಳಲ್ಲಿ ನವರಾತ್ರಿ ಸಮೀಪಿಸಿತೆಂದರೆ ಅಟ್ಟದ ಮೇಲಿನ ಪೆಟ್ಟಿಗೆಗಳು ವರ್ಷಕ್ಕೊಮ್ಮೆ ಕೆಳಗಿಳಿಯುತ್ತವೆ. ಹಳೆಯ ಪಂಚೆಯ ಚೂರುಗಳಲ್ಲಿ ಸುತ್ತಿಟ್ಟ ಪಟ್ಟದ ಗೊಂಬೆಗಳು, ಮೂಗು ಮುರಿದ ಶೆಟ್ಟಿ, ಅವನ ಪಕ್ಕದಲ್ಲಿ ಕೂರಲೇಬೇಕಾದ ಅವನ ಹೆಂಡತಿ, ಇಬ್ಬರ ಮುಂದಿನ ದಿನಸಿ ಅಂಗಡಿ, ಎಲ್ಲವೂ ಬೆಳಕು ಕಾಣುತ್ತವೆ. ೨೦೨೪ರ ದಸರೆಗೆ ನನ್ನ ಸೋದರಮಾವನವರ ಮನೆಯಲ್ಲಿ ಹೀಗೆ ಗೊಂಬೆಗಳನ್ನು ಇಳಿಸುತ್ತಿದ್ದಾಗ, ಹಿಂದಿನ ಮೂಲೆಯಲ್ಲಿ ಅಡಗಿ ಕುಳಿತಿದ್ದ ಮತ್ತೊಂದು ತಗಡಿನ ಟ್ರಂಕು ಕೈಗೆ ತಗುಲಿತು. ಅದೂ ಗೊಂಬೆಯ ಪೆಟ್ಟಿಗೆಯೆಂದೇ ಭಾವಿಸಿ ಮುಚ್ಚಳ ತೆರೆದ ಮಾವನ ಮಗಳು ಕ್ಷಣಕಾಲ ಬೆರಗಾಗಿ ನಿಂತಳು.

ಒಳಗಿದ್ದುದೂ ಗೊಂಬೆಗಳೇ, ಆದರೆ ಹೆಬ್ಬೆರಳಿಗಿಂತ ಚಿಕ್ಕವು. ಹದಿನಾರು ಮಂದಿ ಕವಚಧಾರಿ ರಾವುತರು, ಮೂವತ್ತೆರಡು ಮಂದಿ ಬಿಲ್ಲಾಳುಗಳು, ಪತಾಕೆ ಹಿಡಿದವನೊಬ್ಬ, ಕಹಳೆಯೂದುವವನೊಬ್ಬ. ಪ್ರತಿಯೊಬ್ಬನ ಕಾಲಡಿಯಲ್ಲಿಯೂ ಹಸುರು ಬಣ್ಣ ಬಳಿದ ಪುಟ್ಟ ಚೌಕ ಪೀಠ. ರಾವುತರ ಗುರಾಣಿಗಳ ಮೇಲೆ ಒಬ್ಬೊಬ್ಬನದಕ್ಕೆ ಒಂದೊಂದು ಲಾಂಛನ: ಒಂದರ ಮೇಲೆ ಸಿಂಹ, ಒಂದರ ಮೇಲೆ ತಾವರೆ, ಮತ್ತೊಂದರ ಮೇಲೆ, ಕನ್ನಡಕ ಸರಿಪಡಿಸಿಕೊಂಡು ನೋಡಿದರೆ, ನಮ್ಮ ಗಂಡಭೇರುಂಡ!

ಮಾವ ೧೯೯೪ರಿಂದ ೨೦೦೧ರವರೆಗೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿದ್ದರು. ಈ ಸೈನ್ಯ ಅಲ್ಲಿ ಕೊಂಡದ್ದು. ಅಲ್ಲಿಯೇ ಬಣ್ಣ ಹಚ್ಚಿದ್ದು. ಇದು ಮೇಜಿನ ಮೇಲೆ ಆಡುವ ಯುದ್ಧದಾಟದ ಸೈನ್ಯ. ಮಗಳಿಗೆ ಈ ಆಟ ಅಪರಿಚಿತವಾಗಿರಲಿಲ್ಲ; ಬೆಂಗಳೂರಿನ ಕಾಲೇಜಿನಲ್ಲಿ ಅವಳ ಗೆಳೆಯರು ಕೆಲವರು ಇದನ್ನೇ ಆಡುತ್ತಿದ್ದರು. ಆದರೆ ಅವರು ಆಡುತ್ತಿದ್ದುದು ಹೊಸ ಕಟ್ಟಳೆಯಲ್ಲಿ. ಟ್ರಂಕಿನಲ್ಲಿದ್ದುದು ಹಳೆಯ ಕಟ್ಟಳೆಯ ಸೈನ್ಯ. ಅಲ್ಲಿಂದಲೇ ಆ ಮನೆಯಲ್ಲಿ ಒಂದು ಸಣ್ಣ ವ್ಯಾಜ್ಯ ಹುಟ್ಟಿಕೊಂಡಿತು. ಅದರಲ್ಲಿ ಮಧ್ಯಸ್ಥಿಕೆ ವಹಿಸಬೇಕಾಗಿ ಬಂದ ನಾನು ಈ ಆಟದ ಚರಿತ್ರೆಯನ್ನೂ ಕ್ರಮವನ್ನೂ ಸ್ವಲ್ಪಮಟ್ಟಿಗೆ ಅಭ್ಯಾಸ ಮಾಡಬೇಕಾಯಿತು. ಆ ಅಭ್ಯಾಸದ ಫಲವನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೇಜಿನ ಮೇಲಿನ ಕುರುಕ್ಷೇತ್ರ

ಯುದ್ಧವನ್ನು ಆಟವಾಗಿಸುವ ಕಲೆ ನಮಗೆ ಹೊಸದಲ್ಲ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೈನ್ಯವೇ ಚತುರಂಗದ ಹೆಸರಿಗೆ ಮೂಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ 'ಶ್ರೀತತ್ತ್ವನಿಧಿ'ಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲಾದುದು. ಆದರೆ ಚತುರಂಗದಲ್ಲಿ ಮಳೆಯಿಲ್ಲ, ಗುಡ್ಡವಿಲ್ಲ, ಹೆದರಿ ಓಡುವ ಸಿಪಾಯಿಯಿಲ್ಲ. ಇವನ್ನೆಲ್ಲ ಆಟದೊಳಕ್ಕೆ ತಂದವರು ಪ್ರಷ್ಯದವರು. ಅಲ್ಲಿನ ಸೇನಾಧಿಕಾರಿಯಾದ ಕಿರಿಯ ರೈಸ್‌ವಿಟ್ಸ್ ೧೮೨೪ರಲ್ಲಿ ತನ್ನ ಯುದ್ಧಕ್ರೀಡೆಯ ಕಟ್ಟಳೆಗಳನ್ನು ಪ್ರಕಟಿಸಿದ. ನಿಜವಾದ ಭೂಪಟ, ಕೆಂಪು ನೀಲಿ ತುಂಡುಗಳ ಎರಡು ಸೈನ್ಯ, ಅದೃಷ್ಟವನ್ನು ನಿರ್ಣಯಿಸಲು ದಾಳ, ವಿವಾದ ತೀರಿಸಲು ಒಬ್ಬ ಪಂಚ: ಇವು ಆ ಆಟದ ಅಂಗಗಳು. ಪ್ರಷ್ಯದ ಸೇನೆ ಅದನ್ನು ತನ್ನ ಅಧಿಕಾರಿಗಳ ಶಿಕ್ಷಣಕ್ಕೆ ಬಳಸಿಕೊಂಡಿತು.

ಅದನ್ನು ಪಾಳೆಯದಿಂದ ಗೃಹಸ್ಥನ ಮನೆಯೊಳಕ್ಕೆ ತಂದವರಲ್ಲಿ ಪ್ರಸಿದ್ಧನೆಂದರೆ ಕಾದಂಬರಿಕಾರ ಎಚ್. ಜಿ. ವೆಲ್ಸ್. ೧೯೧೩ರಲ್ಲಿ ಅವನು 'ಲಿಟಲ್ ವಾರ್ಸ್' ಎಂಬ ಚಿಕ್ಕ ಪುಸ್ತಕ ಬರೆದು, ಸೀಸದ ಸಿಪಾಯಿಗಳನ್ನು ನೆಲದ ಮೇಲೆ ನಿಲ್ಲಿಸಿ ಆಟದ ಫಿರಂಗಿಯಿಂದ ಹೊಡೆದು ಬೀಳಿಸುವ ಕ್ರಮವನ್ನು ವಿವರಿಸಿದ. ಯುದ್ಧದ ಹುಚ್ಚು ಇರುವವರು ಈ ಸಣ್ಣ ಯುದ್ಧದಲ್ಲಿಯೇ ತೃಪ್ತರಾಗಲಿ ಎಂಬುದು ಅವನ ಆಶಯ. ಮರುವರ್ಷವೇ ಮೊದಲನೆಯ ಮಹಾಯುದ್ಧ ಆರಂಭವಾಯಿತೆಂಬುದನ್ನು ನೆನೆದರೆ ಆ ಆಶಯ ಕರುಣಾಜನಕವಾಗಿ ತೋರುತ್ತದೆ.

೧೯೬೯ರಲ್ಲಿ ಇಂಗ್ಲೆಂಡಿನ 'ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್' ಪ್ರಾಚೀನ ಕಾಲದ ಸೈನ್ಯಗಳಿಗಾಗಿ ಕಟ್ಟಳೆಗಳನ್ನು ಹೊರತಂದಿತು. ೧೯೮೩ರಲ್ಲಿ 'ವಾರ್‌ಹ್ಯಾಮರ್' ಬಂದಿತು. ಇದು ಚರಿತ್ರೆಯ ಯುದ್ಧವಲ್ಲ. ರಾಕ್ಷಸರು, ಕುಬ್ಜರು, ಮಾಂತ್ರಿಕರು ತುಂಬಿದ ಒಂದು ಕಲ್ಪಿತ ಲೋಕದ ಯುದ್ಧ. ಆ ಆಟದ ಐದನೆಯ ಆವೃತ್ತಿ ೧೯೯೬ರಲ್ಲಿ ಹೊರಬಂದಾಗ ಪೆಟ್ಟಿಗೆಯಲ್ಲಿ ಎರಡು ಸೈನ್ಯಗಳಿದ್ದುವು: ಒಂದು ಹಲ್ಲಿಯ ಮೈಯುಳ್ಳ ಯೋಧರದು, ಇನ್ನೊಂದು ಬ್ರೆಟೋನಿಯಾ ಎಂಬ ರಾಜ್ಯದ ರಾವುತರದು. ಮಾವ ಕೊಂಡದ್ದು ಆ ಪೆಟ್ಟಿಗೆಯನ್ನೇ. ಹಲ್ಲಿಗಳನ್ನು ನೆರೆಮನೆಯ ಹುಡುಗನಿಗೆ ಕೊಟ್ಟರು, ರಾವುತರನ್ನು ಇಟ್ಟುಕೊಂಡರು, ಮುಂದೆ ಇನ್ನಷ್ಟು ರಾವುತರನ್ನು ಕೊಂಡು ಸೇರಿಸಿದರು.

ಪೀಠದ ಮಹತ್ತ್ವ

ಈ ಆಟ ನಡೆಯುವ ರೀತಿಯನ್ನು ಸಂಕ್ಷೇಪವಾಗಿ ಹೇಳಬಹುದು. ಪ್ರತಿಯೊಬ್ಬ ಯೋಧನಿಗೂ ಇಂತಿಷ್ಟು ಪಾಯಿಂಟು ಬೆಲೆಯುಂಟು. ಇಬ್ಬರು ಆಟಗಾರರೂ ಒಂದೇ ಮೊತ್ತಕ್ಕೆ, ಸಾಮಾನ್ಯವಾಗಿ ಎರಡು ಸಾವಿರಕ್ಕೆ, ತಮ್ಮ ತಮ್ಮ ಸೈನ್ಯವನ್ನು ಆರಿಸಿಕೊಳ್ಳುತ್ತಾರೆ. ರಾವುತನ ಬೆಲೆ ಹೆಚ್ಚು, ಬಿಲ್ಲಾಳಿನ ಬೆಲೆ ಕಡಿಮೆ. ಅನಂತರ ಅಳತೆಪಟ್ಟಿ ಹಿಡಿದು ಅಂಗುಲಗಳ ಲೆಕ್ಕದಲ್ಲಿ ಪಡೆಗಳನ್ನು ನಡೆಸುವುದು; ಹೊಡೆತ ತಗುಲಿತೋ ಇಲ್ಲವೋ ಎಂಬುದನ್ನು ದಾಳದಿಂದ ತಿಳಿಯುವುದು. ಇಷ್ಟೇ ಸೂತ್ರ, ಉಳಿದುದೆಲ್ಲ ಭಾಷ್ಯ.

ಈ ಆಟದಲ್ಲಿ ಹೊರಗಿನವರ ಕಣ್ಣಿಗೆ ಬೀಳದ, ಒಳಗಿನವರು ಮರೆಯಲಾಗದ ವಸ್ತುವೊಂದುಂಟು. ಅದೇ ಪೀಠ. ಯೋಧರು ಸಾಲುಗಟ್ಟಿ ನಿಲ್ಲುವುದರಿಂದ, ಎಷ್ಟು ಮಂದಿ ಶತ್ರುವಿನ ಮುಖಾಮುಖಿಯಾಗಬಲ್ಲರೆಂಬುದನ್ನು ಪೀಠದ ಅಗಲವೇ ನಿರ್ಣಯಿಸುತ್ತದೆ. ಹಳೆಯ ವಾರ್‌ಹ್ಯಾಮರಿನಲ್ಲಿ ಮನುಷ್ಯ ಕಾಲಾಳಿನ ಪೀಠ ೨೦ ಮಿಲಿಮೀಟರಿನ ಚೌಕ. ೨೦೦ ಮಿಲಿಮೀಟರು ಅಗಲದ ಸಾಲಿನಲ್ಲಿ ಹತ್ತು ಮಂದಿ ನಿಲ್ಲುತ್ತಾರೆ. ಹೊಸ ಕಟ್ಟಳೆಯಂತೆ ಅದು ೨೫ ಮಿಲಿಮೀಟರು. ಅದೇ ಅಗಲದಲ್ಲಿ ಎಂಟೇ ಮಂದಿ. ಒಬ್ಬನು ಹಳೆಯ ಪೀಠದಲ್ಲಿಯೂ ಇನ್ನೊಬ್ಬನು ಹೊಸ ಪೀಠದಲ್ಲಿಯೂ ಆಡಿದರೆ, ಹಳಬನಿಗೆ ಪ್ರತಿ ಸಾಲಿಗೂ ಎರಡು ಕತ್ತಿ ಪುಕ್ಕಟೆ ದೊರೆತಂತಾಯಿತು. ಆದ್ದರಿಂದ ಪೀಠದ ಪ್ರಶ್ನೆ ಬರಿಯ ಅಂದಚೆಂದದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ಚೌಕಾಬಾರಕ್ಕೆ ಕೂರುವ ಮೊದಲು ನಮ್ಮ ಅಜ್ಜಿಯರು ಕೇಳುತ್ತಿರಲಿಲ್ಲವೇ, ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗುವ ಹಾಗಿದೆಯೋ ಇಲ್ಲವೋ ಎಂದು? ಕಟ್ಟಳೆಯೆಂಬುದು ಎದುರಿಗೆ ಕುಳಿತವನೊಡನೆ ಮಾಡಿಕೊಂಡ ಒಪ್ಪಂದ.

ಇದನ್ನರಿತು ನಡೆದ ಕಟ್ಟಳೆಗಾರರೂ ಇದ್ದಾರೆ. ಮೇಲೆ ಹೇಳಿದ ರಿಸರ್ಚ್ ಗ್ರೂಪಿನವರ ಆಟಗಳಲ್ಲಿ ೧೫ ಮಿಲಿಮೀಟರಿನ ಗೊಂಬೆಗಳಿಗೆ ೪೦ ಮಿಲಿಮೀಟರು, ೨೫ ಮಿಲಿಮೀಟರಿನ ಗೊಂಬೆಗಳಿಗೆ ೬೦ ಮಿಲಿಮೀಟರು ಅಗಲದ ಪೀಠವೆಂಬ ಪದ್ಧತಿ ನೆಲೆಗೊಂಡಿತು. ೧೯೯೦ರಲ್ಲಿ ಅವರು ಕೇವಲ ಹನ್ನೆರಡು ಪೀಠಗಳಲ್ಲಿ ಒಂದು ಸೈನ್ಯವನ್ನು ಅಡಗಿಸಿದ ಚುಟುಕಾದ ಹೊಸ ಆಟವೊಂದನ್ನು ಹೊರತಂದಾಗ ಆಟದ ರೀತಿ ಪೂರ್ತಿಯಾಗಿ ಬದಲಾಯಿತು. ಪೀಠದ ಅಗಲ ಬದಲಾಗಲಿಲ್ಲ. ಆನೆ, ರಥ, ಉದ್ದಬಿಲ್ಲಿನ ಕಾಲಾಳುಗಳ ಪ್ರಾಚೀನ ಭಾರತದ ಸೈನ್ಯವೂ ಅವರ ಪಟ್ಟಿಗಳಲ್ಲಿ ಉಂಟು. ಹಿಂದೆ ಅದನ್ನು ಕಟ್ಟಿಕೊಂಡಿದ್ದವನು ಒಂದು ಆನೆಯನ್ನೂ ಪೀಠದಿಂದ ಕೀಳದೆ ಹೊಸ ಆಟಕ್ಕೆ ಕೂರಬಹುದಾಯಿತು.

ಕಾಯಿ ಅದೇ, ನಡೆ ಬೇರೆ

ಹಳೆಯ ಸೈನ್ಯ ಹೊಸ ಕಟ್ಟಳೆಗೆ ಒಗ್ಗಿಕೊಂಡುದಕ್ಕೆ ಅತ್ಯಂತ ದೊಡ್ಡ ನಿದರ್ಶನ ಚದುರಂಗವೇ. ನಮ್ಮ ದೇಶದಿಂದ ಪಾರಸಿಕಕ್ಕೆ, ಅಲ್ಲಿಂದ ಅರಬರ ಮೂಲಕ ಯೂರೋಪಿಗೆ ಹೋದ ಆ ಆಟದಲ್ಲಿ ಮಂತ್ರಿಯ ಶಕ್ತಿ ಬಹು ಅಲ್ಪ; ಅವನು ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ. ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಪೇನ್ ಮತ್ತು ಇಟಲಿಗಳಲ್ಲಿ ಕಟ್ಟಳೆ ಬದಲಾಯಿತು. ಮಂತ್ರಿಯ ಸ್ಥಾನದಲ್ಲಿದ್ದ ರಾಣಿ ಎಲ್ಲ ದಿಕ್ಕುಗಳಲ್ಲಿಯೂ ಹಲಗೆಯ ಅಂಚಿನವರೆಗೆ ನುಗ್ಗುವ ಮಹಾಶಕ್ತಿಯಾದಳು. ಹಲಗೆ ಅದೇ ಅರುವತ್ತನಾಲ್ಕು ಮನೆ. ಕಾಯಿಗಳು ಅವೇ ಮೂವತ್ತೆರಡು. ಯಾವ ಮನೆಯಲ್ಲಿಯೂ ಕಾಯಿಗಳನ್ನು ಒಲೆಗೆ ಹಾಕಬೇಕಾಗಲಿಲ್ಲ.

ಕಾಯಿಗಳಿಗೆ ಸುಲಭವಾದದ್ದು ಆಟಗಾರನಿಗೆ ಅಷ್ಟು ಸುಲಭವಲ್ಲ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಬಾಲ್ಯದಲ್ಲಿ ಕಲಿತದ್ದು ದೇಶೀ ಪದ್ಧತಿಯ ಚದುರಂಗ. ಅದರಲ್ಲಿ ಪದಾತಿಗೆ ಮೊದಲ ಹೆಜ್ಜೆಯಲ್ಲಿ ಎರಡು ಮನೆ ದಾಟುವ ಅಧಿಕಾರವಿಲ್ಲ. ಪಾಶ್ಚಾತ್ಯ ಕಟ್ಟಳೆಯನ್ನು ಆತ ಅನಂತರ ಕಲಿತು, ೧೯೨೮ರಲ್ಲಿ ಅಖಿಲ ಭಾರತ ಪಂದ್ಯವನ್ನು ಗೆದ್ದು, ೧೯೨೯ರಲ್ಲಿ ಇಂಗ್ಲೆಂಡಿಗೆ ಹೋಗಿ ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದ; ೧೯೩೨ ಮತ್ತು ೧೯೩೩ರಲ್ಲಿ ಮತ್ತೆ ಆದ. ಹಿಂದಿನ ವಿಶ್ವವಿಜೇತ ಕಾಪಾಬ್ಲಾಂಕನನ್ನೇ ೧೯೩೦-೩೧ರ ಹೇಸ್ಟಿಂಗ್ಸ್ ಪಂದ್ಯದಲ್ಲಿ ಸೋಲಿಸಿದ. ಹೊಸ ಪದ್ಧತಿಯ ಆರಂಭದ ನಡೆಗಳಲ್ಲಿ ಆತನಿಗೆ ಪಳಗಿಕೆ ಸಾಲದು. ಆದರೆ ಮಧ್ಯದಾಟ, ಕೊನೆಯಾಟಗಳಲ್ಲಿ ಆತನನ್ನು ಎದುರಿಸುವುದು ಕಷ್ಟವಾಗಿತ್ತು. ಕಟ್ಟಳೆ ಬದಲಾದಾಗ ಮೊದಲು ತೊಡಕುವುದು ಆರಂಭ. ಕಡೆಯವರೆಗೆ ಉಳಿಯುವುದು ಆಟದ ಸತ್ತ್ವ. ಆತನಿಗೆ ಗ್ರ್ಯಾಂಡ್‌ಮಾಸ್ಟರ್ ಗೌರವ ದೊರೆತದ್ದು ತೀರಿಕೊಂಡು ಐವತ್ತೆಂಟು ವರ್ಷಗಳ ಮೇಲೆ, ೨೦೨೪ರಲ್ಲಿ.

ಕನ್ನಡದ ಅಧ್ಯಾಪಕನಾದ ನನಗೆ ಇಲ್ಲಿ ಇನ್ನೊಂದು ಸಂಗತಿ ಹೊಳೆಯದಿರಲಿಲ್ಲ. ೯೪೧ರಲ್ಲಿ ಪಂಪನು ಹಳಗನ್ನಡದ ಚಂಪುವಿನಲ್ಲಿ ನಿಲ್ಲಿಸಿದ ಕೌರವ ಪಾಂಡವ ಸೈನ್ಯಗಳನ್ನೇ ಕುಮಾರವ್ಯಾಸನು ಭಾಮಿನಿ ಷಟ್ಪದಿಯಲ್ಲಿ ಮತ್ತೆ ನಿಲ್ಲಿಸಿದ. ಭಾಮಿನಿಯ ಮೊದಲ ಪಾದಕ್ಕೆ ಹದಿನಾಲ್ಕು ಮಾತ್ರೆ. ಲಕ್ಷ್ಮೀಶನು ಹಿಡಿದ ವಾರ್ಧಕದ ಪಾದಕ್ಕೆ ಇಪ್ಪತ್ತು. ಪೀಠದ ಅಳತೆ ಬೇರೆಯಾಯಿತು. ಅದರ ಮೇಲೆ ನಿಂತ ಅರ್ಜುನನೇನೂ ಅನಾಥನಾಗಲಿಲ್ಲ.

ಲೋಕವೊಂದು ಮುಳುಗಿ ಎದ್ದುದು

ಇನ್ನು ಮಾವನ ಸೈನ್ಯದ ಕಥೆಗೆ ಬರೋಣ. ಮಾವ ೨೦೦೧ರಲ್ಲಿ ಸಂಸಾರಸಮೇತ ಮೈಸೂರಿಗೆ ಮರಳಿದರು. ಟ್ರಂಕು ಅಟ್ಟ ಸೇರಿತು. ಇತ್ತ ಅದು ಧೂಳು ಹಿಡಿಯುತ್ತಿದ್ದಾಗ ಅತ್ತ ಆಟದ ಲೋಕದಲ್ಲಿ ಪ್ರಳಯವೇ ಆಗಿಹೋಯಿತು. ಆಟದ ಒಡೆತನವುಳ್ಳ ಗೇಮ್ಸ್ ವರ್ಕ್‌ಷಾಪ್ ಕಂಪೆನಿ ೨೦೧೪-೧೫ರಲ್ಲಿ ತನ್ನ ಕಲ್ಪಿತ ಲೋಕವನ್ನು ಕಥೆಯಲ್ಲಿಯೇ ನಾಶಮಾಡಿ, ೨೦೧೫ರ ಜುಲೈ ತಿಂಗಳಲ್ಲಿ 'ಏಜ್ ಆಫ್ ಸಿಗ್ಮಾರ್' ಎಂಬ ಹೊಸ ಆಟವನ್ನು ಆರಂಭಿಸಿತು. ಹಳೆಯ ಆಟದ ಕೊನೆಯ ಕಟ್ಟಳೆಯ ಗ್ರಂಥ ಐನೂರು ಪುಟ ಮೀರಿದ್ದು. ಹೊಸದರ ಮೂಲ ಕಟ್ಟಳೆ ನಾಲ್ಕೇ ಪುಟ. ಸಾಲುಗಟ್ಟಿ ನಿಲ್ಲುವ ಕ್ರಮ ಹೋಯಿತು; ಚೌಕ ಪೀಠ ಹೋಗಿ ದುಂಡು ಪೀಠ ಬಂದಿತು; ಪಾಯಿಂಟಿನ ಲೆಕ್ಕವೂ ಮೊದಲಿಗೆ ಇರಲಿಲ್ಲ, ಅದು ಮರಳಿ ಬಂದದ್ದು ೨೦೧೬ರಲ್ಲಿ.

ಹಳೆಯ ಸೈನ್ಯಗಳನ್ನು ಕಂಪೆನಿ ಪೂರ್ತಿಯಾಗಿ ಕೈಬಿಡಲಿಲ್ಲವೆನ್ನಬೇಕು. ಅವುಗಳಿಗೆ ಹೊಸ ಆಟದ ಲಕ್ಷಣಪತ್ರಗಳನ್ನು ಉಚಿತವಾಗಿಯೇ ಹಂಚಿತು. ಆದರೆ ಅವುಗಳಲ್ಲಿ ಕೆಲವು ವಿನೋದದ ಎಲ್ಲೆಯನ್ನು ಮೀರಿದ್ದುವು. ಒಬ್ಬ ಸೇನಾನಿಯ ಕಟ್ಟಳೆಯಂತೆ, ಎದುರಾಳಿಗಿಂತ ದೊಡ್ಡದೂ ಭವ್ಯವೂ ಆದ ಮೀಸೆ ನಿಮಗಿದ್ದರೆ ಗುರಿ ತಪ್ಪಿದ ದಾಳವನ್ನು ಮತ್ತೊಮ್ಮೆ ಉರುಳಿಸಬಹುದು! ಇಪ್ಪತ್ತು ವರ್ಷ ಬಣ್ಣ ಹಚ್ಚಿ ಕೂಡಿಸಿದ ಸೈನ್ಯಕ್ಕೆ ಈ ಮರ್ಯಾದೆಯೇ ಎಂದು ಅನೇಕರು ನೊಂದುಕೊಂಡರು. ಒಬ್ಬ ಆಟಗಾರನಂತೂ ತನ್ನ ಸೈನ್ಯಕ್ಕೆ ಬೆಂಕಿಯಿಟ್ಟು, ಆ ದೃಶ್ಯವನ್ನು ಚಿತ್ರಿಸಿ ಲೋಕಕ್ಕೆಲ್ಲ ತೋರಿಸಿದ. ಇನ್ನು ಕೆಲವರು ಹಳೆಯ ಗ್ರಂಥಗಳನ್ನೇ ಇಟ್ಟುಕೊಂಡು ಹಳೆಯ ಆಟವನ್ನೇ ಆಡುತ್ತ ಉಳಿದರು. ಮುದ್ರಿತವಾದ ಪುಸ್ತಕವನ್ನು ಯಾವ ಕಂಪೆನಿಯೂ ಮನೆಮನೆಗೆ ಬಂದು ಹಿಂದಕ್ಕೆ ಒಯ್ಯುವುದಿಲ್ಲವಷ್ಟೆ.

ಬೆಂಕಿಯಿಟ್ಟವನು ಒಂಬತ್ತು ವರ್ಷ ತಾಳಿದ್ದರೆ ಸಾಕಾಗಿತ್ತು. ೨೦೧೯ರಲ್ಲಿ ಹಳೆಯ ಲೋಕ ಮರಳುವುದೆಂಬ ಪ್ರಕಟಣೆ ಬಂದಿತು. ೨೦೨೪ರ ಜನವರಿಯಲ್ಲಿ 'ದಿ ಓಲ್ಡ್ ವರ್ಲ್ಡ್' ಎಂಬ ಹೆಸರಿನಿಂದ ಆಟವೂ ಬಂದಿತು. ಮತ್ತೆ ಸಾಲುಗಳು, ಮತ್ತೆ ಚೌಕ ಪೀಠಗಳು. ಮೊದಲು ಹೊರಬಂದ ಎರಡು ಸೈನ್ಯಗಳಲ್ಲಿ ಒಂದು ನಮ್ಮ ಬ್ರೆಟೋನಿಯಾ! ಆದರೆ ಮರಳಿದ ಲೋಕ ಹಳೆಯ ಅಳತೆಯನ್ನು ತರಲಿಲ್ಲ. ಕಾಲಾಳಿನ ಪೀಠ ೨೦ರಿಂದ ೨೫ಕ್ಕೆ, ರಾವುತನ ಪೀಠ ೨೫ ಅಗಲ ೫೦ ಉದ್ದದಿಂದ ೩೦ ಅಗಲ ೬೦ ಉದ್ದಕ್ಕೆ ಬೆಳೆದಿದ್ದುವು.

ಮನೆಯೊಳಗಿನ ವ್ಯಾಜ್ಯ

ಮಾವನ ಮಗಳ ಯೋಜನೆ ಸರಳವಾಗಿತ್ತು. ಹಳೆಯ ಪೀಠಗಳನ್ನು ಕತ್ತರಿಸಿ ತೆಗೆಯುವುದು, ಹೊಸ ಪೀಠಗಳನ್ನು ತರಿಸಿ ಅಂಟಿಸುವುದು, ಅಂಚಿನ ಆ ಗಾಢ ಹಸುರನ್ನು ಅಳಿಸಿ ಈಗಿನವರು ಒಪ್ಪುವ ಮಣ್ಣಿನ ಬಣ್ಣ ಬಳಿಯುವುದು. ಮಾವ ಒಪ್ಪಲಿಲ್ಲ.

"ಬಿಲ್ಲಾಳುಗಳನ್ನು ಏನು ಬೇಕಾದರೂ ಮಾಡಿಕೋ ಮಗು. ಕುದುರೆಗಳನ್ನು ಮುಟ್ಟಬೇಡ" ಎಂದರು.

"ಕುದುರೆಗಳಿಲ್ಲದೆ ಬ್ರೆಟೋನಿಯಾ ಎಲ್ಲಿಯದಪ್ಪಾ? ನೀನೇ ಹೇಳು. ಬರಿಯ ಪೀಠ ತಾನೆ ಬದಲಾಗುವುದು?"

ಮಾವ ಮರುಮಾತಾಡದೆ ಎದ್ದುಹೋದರು. ಅವಳು ನನ್ನ ಮುಖ ನೋಡಿದಳು. ನಾನು ಮಾವನನ್ನು ಹಿಂಬಾಲಿಸಿ ಹಿತ್ತಲಿಗೆ ಹೋಗಿ, "ಯಾಕೆ ಮಾವ, ಆಸೆಪಡುತ್ತಿದ್ದಾಳೆ. ನಿಮ್ಮ ಆಟವನ್ನು ಅವಳು ಮುಂದುವರಿಸಿದರೆ ಸಂತೋಷವೇ ಅಲ್ಲವೇ?" ಎಂದೆ. ಅವರು ಜೇಬಿನಿಂದ ಒಬ್ಬ ರಾವುತನನ್ನು ತೆಗೆದರು, ಗಂಡಭೇರುಂಡದ ಗುರಾಣಿಯವನು. ಅವನನ್ನು ತಲೆಕೆಳಗಾಗಿ ತಿರುಗಿಸಿ ನನ್ನ ಕೈಯಲ್ಲಿಟ್ಟರು.

ಆ ಪೀಠಗಳ ಅಡಿಭಾಗ ಟೊಳ್ಳು. ಆ ಟೊಳ್ಳಿನಲ್ಲಿ ಉಗುರಿನಗಲದ ಕಾಗದದ ಚೂರೊಂದನ್ನು ಅಂಟಿಸಿತ್ತು. ಅದರ ಮೇಲೆ ನೀಲಿ ಶಾಯಿಯಲ್ಲಿ, ಸೂಜಿಮೊನೆಯಂತಹ ಅಕ್ಷರಗಳಲ್ಲಿ, '೭. ಸುಧನ್ವ' ಎಂದು ಬರೆದಿತ್ತು. ಅತ್ತೆಯ ಅಕ್ಷರ.

ನಾಟಿಂಗ್‌ಹ್ಯಾಮಿನ ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತಿತ್ತಂತೆ. ನೆರೆಹೊರೆಯ ಪರಿಚಯವಿಲ್ಲದ ಆ ಊರಿನಲ್ಲಿ, ಮಾವ ಕುದುರೆಗಳಿಗೆ ಬಣ್ಣ ಹಚ್ಚುತ್ತಿದ್ದರೆ ಅತ್ತೆ ಗುರಾಣಿಗಳ ಮೇಲೆ ಲಾಂಛನ ಬರೆಯುತ್ತಿದ್ದರು. ಬ್ರೆಟೋನಿಯಾದ ರಾವುತರಿಗೆ ಒಬ್ಬೊಬ್ಬನಿಗೂ ಅವನದೇ ಲಾಂಛನವಿರಬೇಕೆಂಬುದು ಆ ಸೈನ್ಯದ ಪದ್ಧತಿ. ಅತ್ತೆಯ ತಂದೆ ಜೈಮಿನಿ ಭಾರತವನ್ನು ರಾಗವಾಗಿ ಓದುತ್ತಿದ್ದವರು. ಅಶ್ವಮೇಧದ ಕುದುರೆಯ ಕಥೆ ಕೇಳಿ ಬೆಳೆದ ಹೆಣ್ಣುಮಗಳು ಪರದೇಶದ ಕುದುರೆಗಳ ಮೇಲೆ ತನ್ನ ವೀರರನ್ನೇ ಕೂರಿಸಿದ್ದರು: ಬಭ್ರುವಾಹನ, ವೃಷಕೇತು, ಹಂಸಧ್ವಜ, ತಾಮ್ರಧ್ವಜ, ಚಂದ್ರಹಾಸ. ಹದಿನಾರು ಮಂದಿ, ಹದಿನಾರು ಚೀಟಿ. ಅತ್ತೆ ತೀರಿಕೊಂಡದ್ದು ೨೦೧೧ರಲ್ಲಿ. ಮಗಳಿಗೆ ಆಗ ಏಳು ವರ್ಷ.

"ಕಟ್ಟಳೆ ಬರೆಯುವವರು ಬರೆದುಕೊಳ್ಳಲಿ ಕಣಯ್ಯ, ನನಗೇನೂ ಬೇಸರವಿಲ್ಲ. ಆದರೆ ಪೀಠ ಕತ್ತರಿಸಿದರೆ ಅವಳು ಬರೆದದ್ದು ಉಳಿಯುತ್ತದೆಯೇ?" ಎಂದರು ಮಾವ.

"ಇದನ್ನು ಅವಳಿಗೇಕೆ ಹೇಳಲಿಲ್ಲ?" ಎಂದೆ. ಅವರು ಉತ್ತರ ಕೊಡಲಿಲ್ಲ. ಆ ರಾವುತನನ್ನು ನಾನೇ ಒಳಕ್ಕೆ ಒಯ್ದು, ಮಗಳ ಅಂಗೈಯಲ್ಲಿ ತಲೆಕೆಳಗಾಗಿ ಇಟ್ಟೆ. ಅವಳು ಓದಿದಳು. ಅನಂತರ ಟ್ರಂಕಿನ ಬಳಿ ಕುಳಿತು ಒಬ್ಬೊಬ್ಬನನ್ನಾಗಿ ತಿರುಗಿಸಿ, ಒಂದರಿಂದ ಹದಿನಾರರವರೆಗೆ ಓದಿದಳು. ಅಂದು ಪೀಠದ ಮಾತು ಮತ್ತೆ ಬರಲಿಲ್ಲ.

ಹೊಂದಿಕೆಯ ಕ್ರಮ

ಮರುದಿನ ತಂದೆಮಗಳಿಬ್ಬರೂ ಊಟದ ಮೇಜಿನ ಮೇಲೆ ಅಳತೆಪಟ್ಟಿ, ಕಾಗದ, ಪೆನ್ಸಿಲುಗಳೊಡನೆ ಕುಳಿತಿದ್ದರು. ಅವರು ಅನುಸರಿಸಿದ ಕ್ರಮ ಹಳೆಯ ಸೈನ್ಯವುಳ್ಳ ಬೇರೆಯವರಿಗೂ ಉಪಯೋಗವಾಗಬಹುದಾದ್ದರಿಂದ ಇಲ್ಲಿ ಹೇಳುತ್ತೇನೆ.

ಮೊದಲನೆಯದು, ಕತ್ತರಿಯನ್ನು ಮುಟ್ಟುವ ಮುನ್ನ ಲೆಕ್ಕ. ಇರುವ ಯೋಧರೆಷ್ಟು, ಹೊಸ ಪಟ್ಟಿಯಲ್ಲಿ ಅವರಿಗೆ ಸ್ಥಾನವುಂಟೇ, ಉಂಟಾದರೆ ಬೆಲೆಯೆಷ್ಟು, ಪೀಠದ ಅಳತೆಯೇನು ಎಂಬುದನ್ನು ಬರೆದುಕೊಳ್ಳಬೇಕು. ಹಿಂದೆ ಭರ್ತಿ ಎರಡು ಸಾವಿರಕ್ಕೆ ಕಟ್ಟಿದ ಸೈನ್ಯ ಹೊಸ ಬೆಲೆಪಟ್ಟಿಯಲ್ಲಿ ಹೆಚ್ಚಾಗಬಹುದು, ಕಡಿಮೆಯೂ ಆಗಬಹುದು. ಸ್ಥಾನ ಕಳೆದುಕೊಂಡ ಯೋಧರನ್ನು ಅವರಿಗೆ ಹತ್ತಿರವಾದ ಬೇರೊಂದು ಪಡೆಯೆಂದು ಭಾವಿಸಿ ಆಡುವ ಪದ್ಧತಿಯೂ ಉಂಟು. ಆದರೆ ಅದನ್ನು ಆಟಕ್ಕೆ ಮುಂಚೆಯೇ ಎದುರಾಳಿಗೆ ಹೇಳಿ ಒಪ್ಪಿಸಬೇಕು.

ಎರಡನೆಯದು, ಸೈನ್ಯದ ಶೀಲವನ್ನು ಗುರುತಿಸುವುದು. ಅಂಕಿಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. ಶೀಲ ಅಷ್ಟು ಬೇಗ ಬದಲಾಗುವುದಿಲ್ಲ. ಭಲ್ಲೆ ಹಿಡಿದು ಒತ್ತಾಗಿ ವ್ಯೂಹ ಕಟ್ಟಿ ಒಂದೇ ಏಟಿಗೆ ಶತ್ರುವಿನ ಸಾಲನ್ನು ಸೀಳುವುದು, ತಮ್ಮ ಸರೋವರದೇವಿಯ ಅನುಗ್ರಹವನ್ನು ನಂಬಿ ನುಗ್ಗುವುದು ಬ್ರೆಟೋನಿಯಾದವರ ಶೀಲ. ಅದು ಹಳೆಯ ಗ್ರಂಥದಲ್ಲಿಯೂ ಉಂಟು, ಹೊಸದರಲ್ಲಿಯೂ ಉಂಟು. ಅದನ್ನು ಅರಿತವನು ಹೊಸ ಅಂಕಿಗಳನ್ನು ಎರಡು ದಿನದಲ್ಲಿ ಕಲಿಯುತ್ತಾನೆ.

ಮೂರನೆಯದು, ಪರೀಕ್ಷೆಯ ಆಟ. ಹೊಸ ಅಳತೆಯ ಕಾಗದದ ತುಂಡುಗಳ ಮೇಲೆ ಹಳೆಯ ಗೊಂಬೆಗಳನ್ನು ನಿಲ್ಲಿಸಿ ಒಂದೆರಡು ಸಲ ಆಡಿ ನೋಡಬೇಕು. ಆಟವೇ ಹಿಡಿಸದಿದ್ದರೆ ಕಾಗದ ಹೋಯಿತೇ ಹೊರತು ಪೀಠ ಉಳಿಯಿತು.

ನಾಲ್ಕನೆಯದೇ ಪೀಠದ ಕೆಲಸ. ಇದಕ್ಕೆ ಎರಡು ದಾರಿ. ಒಂದು, ಕತ್ತರಿಸಿ ಬದಲಾಯಿಸುವುದು. ಹಳೆಯ ಗೊಂಬೆಗಳ ಕಾಲಡಿಯಲ್ಲಿ ಒಂದು ಪಟ್ಟಿಯಿದ್ದು ಅದು ಪೀಠದ ಸೀಳಿನಲ್ಲಿ ಕೂತಿರುತ್ತದೆ. ಅವಸರದಿಂದ ಎಳೆದರೆ ಮುರಿಯುವುದು ಪೀಠವಲ್ಲ, ಕಣಕಾಲು. ೧೯೯೦ರ ದಶಕಕ್ಕೂ ಹಿಂದಿನ ಲೋಹದ ಗೊಂಬೆಗಳಲ್ಲಿ ಸೀಸವಿರುವುದರಿಂದ ಅವನ್ನು ಉಜ್ಜಿದ ಪುಡಿ ಮೂಗಿಗೆ ಹೋಗದಂತೆ ಎಚ್ಚರವಹಿಸಿ, ಕೈ ತೊಳೆದುಕೊಳ್ಳಬೇಕು. ಇನ್ನೊಂದು ದಾರಿ, ಹಳೆಯ ಪೀಠವನ್ನು ಹಾಗೆಯೇ ಇರಿಸಿ ಅದರ ಸುತ್ತ ಚೌಕಟ್ಟು ಕಟ್ಟುವುದು.

ಮಾವನ ಮನೆಯಲ್ಲಿ ಎರಡೂ ದಾರಿಗಳನ್ನು ಹಿಡಿದರು. ಚೀಟಿಯಿಲ್ಲದ ಮೂವತ್ತೆರಡು ಬಿಲ್ಲಾಳುಗಳನ್ನು ಹೊಸ ಪೀಠಕ್ಕೆ ಏರಿಸಿದರು. ರಾವುತರಿಗೆ ಮಾತ್ರ ದಪ್ಪ ರಟ್ಟಿನ ಚೌಕಟ್ಟುಗಳು: ಹೊರಗೆ ೩೦ ಅಗಲ ೬೦ ಉದ್ದ, ಒಳಗೆ ೨೫ ಅಗಲ ೫೦ ಉದ್ದ. ಅಂದರೆ ಎಡಬಲಗಳಲ್ಲಿ ಎರಡೂವರೆ ಮಿಲಿಮೀಟರು, ಹಿಂದುಮುಂದುಗಳಲ್ಲಿ ಐದು ಮಿಲಿಮೀಟರು ಅಂಚು. ರಾವುತನು ಆಟದ ವೇಳೆಗೆ ಅದರೊಳಗೆ ಕೂರುತ್ತಾನೆ. ಆಟ ಮುಗಿದ ಮೇಲೆ ಎದ್ದು ಬರುತ್ತಾನೆ. ಅಂಟಿನ ಅಗತ್ಯವಿಲ್ಲ. ಚೌಕಟ್ಟಿಗೆ ಯಾವ ಬಣ್ಣವೆಂಬ ಪ್ರಶ್ನೆ ಬಂದಾಗ ಮಗಳೇ ಹಸುರು ಬಣ್ಣದ ಶೀಶೆಯನ್ನು ಮುಂದೆ ಸರಿಸಿದಳು. ಮಣ್ಣಿನ ಬಣ್ಣದ ಮಾತನ್ನು ಅವಳು ಎತ್ತಲಿಲ್ಲ.

ಆ ಡಿಸೆಂಬರಿನಲ್ಲಿ ಸೈನ್ಯ ಬೆಂಗಳೂರಿಗೆ ದಂಡೆತ್ತಿ ಹೋಯಿತು. ಮಾವನೂ ಹೋಗಿದ್ದರು. ಮೊದಲ ಆಟದಲ್ಲಿ ಸೋಲು, ಅದೂ ಹೀನಾಯವಾದ ಸೋಲು. ಹಳೆಯ ಅಭ್ಯಾಸದಿಂದ ಮಾವ ಬಿಲ್ಲಾಳುಗಳನ್ನು ತೀರ ಹಿಂದಕ್ಕೆ ನಿಲ್ಲಿಸಿದರು. ರಾವುತರನ್ನು ತೀರ ಬೇಗ ಬಿಟ್ಟರು. ಎರಡನೆಯ ಆಟಕ್ಕೆ ಮಗಳು ಕೂತಳು. ಕೊನೆಯ ಸರದಿಯಲ್ಲಿ ಬಲಪಕ್ಕದಿಂದ ಏಳನೆಯ ರಾವುತನ ಪಡೆ ನುಗ್ಗಿ ಶತ್ರುವಿನ ಪತಾಕೆಯನ್ನು ಕಿತ್ತುಕೊಂಡಿತು. ಎದುರಾಳಿಯಾದ ಹುಡುಗ ಸೌಜನ್ಯದಿಂದ ಆ ರಾವುತನನ್ನು ಎತ್ತಿ ನೋಡಿ, "ಇದು ಬಹಳ ಹಳೆಯದಲ್ಲವೇ? ಲಾಂಛನ ಬರೆದವರು ಯಾರು?" ಎಂದು ಕೇಳಿದನಂತೆ.

"ನಮ್ಮಮ್ಮ" ಎಂದಳಂತೆ ಇವಳು.

೨೦೨೫ರ ದಸರೆಗೆ ಹೋದಾಗ ನೋಡಿದೆ. ಗೊಂಬೆಗಳ ಕೆಳಗಿನ ಮೆಟ್ಟಿಲಿನ ಮೇಲೆ, ಮೂಗು ಮುರಿದ ಶೆಟ್ಟಿಯ ಅಂಗಡಿಗೆ ಕಾವಲೆಂಬಂತೆ, ಹದಿನಾರು ಮಂದಿ ರಾವುತರು ಸ್ಥಾಪಿತರಾಗಿದ್ದರು. ಚೌಕಟ್ಟುಗಳು ಟ್ರಂಕಿನಲ್ಲಿದ್ದುವು. ಈ ಆಟದ ಕಟ್ಟಳೆ ಇನ್ನೆಷ್ಟು ಸಲ ಬದಲಾಗುವುದೋ ಯಾರೂ ಹೇಳಲಾರರು. ಪೀಠ ಇನ್ನೂ ಐದು ಮಿಲಿಮೀಟರು ಬೆಳೆದರೂ ಬೆಳೆಯಬಹುದು. ಬೆಳೆದರೆ ಮತ್ತೊಂದು ಚೌಕಟ್ಟು ಕತ್ತರಿಸುವಷ್ಟು ರಟ್ಟು ಆ ಮನೆಯಲ್ಲಿ ಮಿಕ್ಕಿದೆ.